ಕಳೆದುಹೋದ ಲಂಗರುಗಳು

ನನ್ನ ತಮ್ಮನ ಬಾಯಿಂದ ಒಂದು ಮಾತು ಹೊರಡಿಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಕಟ್ಟುಹಲ್ಲು ಮಾಡುವ ಕಡೆ ಅರ್ಧ ಆಯುಸ್ಸು ಕಳೆದ. ಅದು ಮುಚ್ಚಿದ ಮೇಲೆ ಅಲ್ಲಿದ್ದಂಥದ್ದೇ, ರೆಸಿನ್ ಅನ್ನುವ ಅಂಟು ದ್ರವದಿಂದ ವಸ್ತುಗಳನ್ನೇ ಅಚ್ಚು ಹಾಕುವ ಒಂದು ಪ್ರಿಂಟರ್ ತಂದು, ನನ್ನ ಮನೆಯ ಮೇಲಿನ ಕೋಣೆಯಲ್ಲಿ ಕೂತು, ಆಟಿಕೆ ಯುದ್ಧನೌಕೆಗಳಿಗೆ ಬಿಡಿಭಾಗ ಮಾಡತೊಡಗಿದ. ಆಟಿಕೆ ಅಂದರೆ ಅವನಿಗೆ ಸಿಟ್ಟು. "ಮಾದರಿ ಅನ್ನು ಅಕ್ಕ" ಅನ್ನುತ್ತಾನೆ. ಮಾದರಿ ಕಟ್ಟುವವರು ಕೊಳ್ಳುವ ಡಬ್ಬಿಯಲ್ಲಿ ಬರುವ ತೋಪು, ಏಣಿ, ಲಂಗರು ಒರಟಂತೆ. ಇವನು ಮಾಡಿದ ಲಂಗರು ಅಕ್ಕಿ ಕಾಳಿನಷ್ಟಿದ್ದರೂ ಅದರ ಕೊಂಡಿ ಕಾಣುತ್ತದೆ, ನಿಜ. ಮದುವೆಯಿಲ್ಲ, ಗೆಳೆಯರಿಲ್ಲ. ರೆಸಿನ್ ನಾತಕ್ಕೆ ಆ ಕೋಣೆಗೆ ಯಾರೂ ಕಾಲಿಡುವುದಿಲ್ಲ, ಚಹಾ ಹಿಡಿದು ನಾನು ಹೋದರೆ ಉಂಟು.

ಅವನಿಗಿದ್ದದ್ದು ಒಬ್ಬನೇ ಗಿರಾಕಿ ಅನ್ನಿ, ಮಿಕ್ಕವರು ಬರೀ ಆರ್ಡರು. ಬೇರೆ ಊರಿನ ಮುದುಕ, ಒಂದು ಕಾಲಕ್ಕೆ ಹಡಗಿನಲ್ಲಿ ಅಡುಗೆಯವನು. ತಾನಿದ್ದ ಹಡಗಿನದೇ ಮಾದರಿ ಕಟ್ಟುತ್ತಿದ್ದೇನೆಂದು ಪ್ರತಿ ಶನಿವಾರ ಸಂಜೆ ಫೋನು. ಆಗ ನನ್ನ ತಮ್ಮ ಬೇರೆಯೇ ಮನುಷ್ಯ! ಇವನು ನಗುವುದು ಕೆಳಗಿನ ಮನೆಗೆ ಕೇಳಬೇಕೇ? ಕೊನೆಗೆ ಮಾತ್ರ ಸ್ಪೀಕರಿನಲ್ಲಿ ಮುದುಕನದು ಒಂದೇ ಪಲ್ಲವಿ: "ಲಂಗರು ಚಿಮಟದಿಂದ ಹಾರಿ ಎಲ್ಲೋ ಬಿತ್ತು ಕಣಪ್ಪ. ಇನ್ನೊಂದು ಕಳಿಸ್ತೀಯಾ?" ಕಳೆದದ್ದಕ್ಕೆ ಇವನು ದುಡ್ಡು ಕೇಳುವವನಲ್ಲ.

ಹಾಗೆ ಎಷ್ಟು ಲಂಗರು ಹೋದವೋ. ಒಂದು ದಿನ ನನಗೆ ಮೈಯೆಲ್ಲ ಉರಿದುಹೋಯಿತು.

"ಆ ಮುದುಕ ನಿನ್ನ ಕಿವಿಗೆ ಹೂವಿಡ್ತಿದಾನೆ ಕಣೋ! ಒಂದು ಹಡಗಿಗೆ ಎಷ್ಟು ಲಂಗರು ಬೇಕು? ಹೊರಗೆ ಮಾರ್ಕೊಳ್ತಿರಬೇಕು."

"ಮಾರಲ್ಲ ಅಕ್ಕ." ಕೈಯಲ್ಲಿದ್ದ ಏಣಿಯನ್ನು ಒರೆಸಿ ಕೆಳಗಿಟ್ಟ. "ಒಂದ್ಸಲ ತಪ್ಪಿ ಬೇರೆ ಅಳತೆಯದು ಕಳಿಸ್ಬಿಟ್ಟೆ. ಎರಡು ಪಟ್ಟು ದೊಡ್ಡದು, ಅವರ ಹಡಗಿಗೆ ಹಿಡಿಸೋದೇ ಇಲ್ಲ. ಬೈತಾರೆ ಅಂತ ಕಾದೆ. 'ಎಷ್ಟು ಚೆನ್ನಾಗಿ ಕೂತ್ಕೊಳ್ತು ಗೊತ್ತಾ' ಅಂದ್ರು."

ನನಗೆ ತಲೆಬುಡ ತಿಳಿಯಲಿಲ್ಲ.

"ಅವರು ಹಡಗು ಕಟ್ತಾನೇ ಇಲ್ಲ ಅಕ್ಕ. ಕೇಳಿದ್ರೆ ನಾಚ್ಕೊಂಡು ಫೋನ್ ಮಾಡೋದೇ ಬಿಡ್ತಾರೆ. ಆಮೇಲೆ ಶನಿವಾರ ನಾನೇನು ಮಾಡ್ಲಿ?"

ನಾನು ಖಾಲಿ ಚಹಾ ಲೋಟ ಎತ್ತಿಕೊಂಡು ಕೆಳಗಿಳಿದೆ. ಆಮೇಲೆ ಲಂಗರುಗಳನ್ನು ಹತ್ತಿಯಲ್ಲಿ ಸುತ್ತಿ ಕಳಿಸುವ ಕೆಲಸ ನಾನೇ ವಹಿಸಿಕೊಂಡೆ.

ಒಂದು ಶನಿವಾರ ಫೋನ್ ಮಾಡಿದ್ದು ಮುದುಕನ ಮಗಳು. ಅಪ್ಪ ಹೋಗಿಬಿಟ್ಟರು ಅಂದಳು. ಅವರ ಕೈ ನಡುಗಲು ಶುರುವಾಗಿ ವರ್ಷಗಳೇ ಆಗಿದ್ದವಂತೆ, ಹಡಗಿನ ಡಬ್ಬಿಯನ್ನು ಬಿಚ್ಚಿಯೇ ಇರಲಿಲ್ಲವಂತೆ. ಲಂಗರುಗಳೆಲ್ಲ ಒಂದು ಲೋಟದಲ್ಲಿದ್ದವಂತೆ. ಪ್ರಿಂಟಾಗುವಾಗ ಆಸರೆಗಿರುವ ಕಡ್ಡಿಗಳನ್ನೂ ಕತ್ತರಿಸಿರಲಿಲ್ಲವಂತೆ.

"ವಾಪಸ್ ಕಳಿಸ್ಲಾ?"

"ಬೇಡಮ್ಮ, ಅವು ಅವರದ್ದೇ" ಅಂದ ನನ್ನ ತಮ್ಮ.

ಮುಂದಿನ ಶನಿವಾರ ಚಹಾ ಕೊಡಲು ಹೋದರೆ ಯಂತ್ರ ಸದ್ದಿಲ್ಲದೆ ನಿಂತಿದೆ, ಇವನು ಫೋನ್ ಮುಂದಿಟ್ಟುಕೊಂಡು ಕೂತಿದ್ದಾನೆ.

"ಇನ್ಯಾರು ಫೋನ್ ಮಾಡ್ತಾರೋ?"

"ಯಾರೂ ಇಲ್ಲ ಅಕ್ಕ. ಸುಮ್ನೆ."

ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಬಯ್ಯಲು ಮಾತ್ರ ಬರುತ್ತದೆ. ದಡದಡನೆ ಮೆಟ್ಟಿಲಿಳಿದು, ಅಡುಗೆಮನೆ ಬಾಗಿಲು ಹಾಕಿಕೊಂಡು, ಅವನಿಗೇ ಫೋನ್ ಮಾಡಿದೆ.

"ನಂಗೊಂದು ಲಂಗರು ಬೇಕಿತ್ತು. ಇದ್ದದ್ದು ಎಲ್ಲೋ ಬಿದ್ದುಹೋಯ್ತು."

ಅವನ ಕುರ್ಚಿ ಕಿರುಗುಟ್ಟಿದ್ದು ತಲೆಯ ಮೇಲಿಂದಲೂ ಕೇಳಿಸಿತು, ಫೋನಿನಿಂದಲೂ ಕೇಳಿಸಿತು.

"ಯಾವ ಅಳತೆಯದು ಅಕ್ಕ?"

"ಯಾವುದಾದ್ರೂ ಕಳಿಸೋ. ಕೂತ್ಕೊಳ್ಳುತ್ತೆ."