ವಾಸಿಯಾದ ಮೇಲೆ ಹೇಳುವ ಮಾತು

ಮೂರು ತಿಂಗಳಿಗೊಮ್ಮೆ ತಿಕೋಟಾದಿಂದ ವಿಜಯಪುರಕ್ಕೆ ಹೋಗುವಾಗ ಓಣಿಯವರಿಗೆ ಅಸ್ತರದ ಬಟ್ಟೆ ತರಲು ಹೊರಟೆ ಎನ್ನುತ್ತಿದ್ದೆ. ರವಿಕೆ ಹೊಲಿಯುವವಳು, ಯಾರೂ ಅನುಮಾನಪಡುತ್ತಿರಲಿಲ್ಲ. ಬಟ್ಟೆ ತರುತ್ತಿದ್ದುದೂ ನಿಜ. ಆದರೆ ಮೊದಲು ಹೋಗುತ್ತಿದ್ದುದು ಆಸ್ಪತ್ರೆಗೆ, ಎಚ್‌ಐವಿ ಗುಳಿಗೆಗಾಗಿ. ಗಂಡ ತೀರಿಕೊಂಡ ವರ್ಷವೇ ನನಗೂ ಸೋಂಕಿರುವುದು ಗೊತ್ತಾಗಿತ್ತು. ನಿಡೋಣಿಯ ತವರಿಗೂ ಹೇಳಿರಲಿಲ್ಲ.

ಗುಳಿಗೆ ಕೊಡುವ ಕೋಣೆಯ ಹೊರಗಿನ ಬೆಂಚಿನಲ್ಲಿ ನನಗೊಬ್ಬ ಗೆಳತಿ ಸಿಕ್ಕಿದ್ದಳು. ಜೋರಾಪುರ ಪೇಟೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಆಸ್ಪತ್ರೆಯ ಗೇಟು ಬಂದೊಡನೆ ಬುರ್ಖಾದ ಮುಸುಕನ್ನು ಮುಖದ ಮೇಲೆ ಇಳಿಬಿಡುತ್ತಿದ್ದಳು, ನನ್ನ ಪಕ್ಕ ಕೂತಾಗ ಮಾತ್ರ ಎತ್ತುತ್ತಿದ್ದಳು. ಹೆಸರು ಆಕೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಆಕೆ ಅಕ್ಕ, ಆಕೆಗೆ ನಾನು ತಂಗಿ. ಇಬ್ಬರೂ ಒಂದೇ ದಿನ ಬರುವಂತೆ ಹೊಂದಿಸಿಕೊಂಡಿದ್ದೆವು. ಲೋಕದಲ್ಲಿ ನಾನು ಬಾಯಿಬಿಟ್ಟು ಮಾತಾಡುತ್ತಿದ್ದುದು ಆ ಒಂದು ತಾಸು ಮಾತ್ರ.

ಒಮ್ಮೆ ಊರಿನ ಗ್ರಂಥಾಲಯದಲ್ಲಿ ಪತ್ರಿಕೆ ತಿರುವುವಾಗ ಒಂದು ಸುದ್ದಿ ಕಂಡಿತು. ಅಳತೆ ಪುಸ್ತಕದಲ್ಲಿ, ಯಾರದೋ ತೋಳಿನ ಅಳತೆಯ ಕೆಳಗೆ, ಅದನ್ನು ಬರೆದುಕೊಂಡೆ. ಬೆಂಚಿನಲ್ಲಿ ಕೂತು ಆಕೆಗೆ ಮೆಲ್ಲಗೆ ಓದಿ ಹೇಳಿದೆ. ಮೂಳೆಯೊಳಗೆ ರಕ್ತ ಹುಟ್ಟಿಸುವ ಆಕರಕೋಶಗಳಿರುತ್ತವಂತೆ. ಅವನ್ನು ಹೊರತೆಗೆದು, ವೈರಸ್ ಒಳಗೆ ಹೊಗಲಾಗದಂತೆ ವಂಶವಾಹಿಯನ್ನು ತಿದ್ದಿ, ಮತ್ತೆ ಅದೇ ಮೈಗೆ ಸೇರಿಸಲು ಹೊರದೇಶಗಳಲ್ಲಿ ಪ್ರಯತ್ನ ನಡೆದಿದೆಯಂತೆ.

"ನಮ್ಮದನ್ನ ತಗದು, ತಿದ್ದಿ, ತಿರುಗಿ ನಮಗ ಹಾಕ್ತಾರೇನ್ ತಂಗಿ?"

"ಹಂಗ ಬರದಾರ ಅಕ್ಕಾ."

"ವಾಸಿ ಆತಂದ್ರ ಮೊದ್ಲ ಮಗಳಿಗೆ ಹೇಳ್ತೇನಿ. ರೋಗ ಹೋದಮ್ಯಾಲ ಹೇಳಾಕ ಏನ್ ಅಂಜಿಕಿ?"

ಅವತ್ತು ಇಬ್ಬರೂ ಕೂಡಿಯೇ ಡಾಕ್ಟರನ್ನು ಕೇಳಿದೆವು. ಅವರು ನನ್ನ ಅಕ್ಷರಗಳನ್ನು ಪೂರ್ತಿ ಓದಿದರು.

"ಸುದ್ದಿ ಖರೇ ಐತ್ರಿ. ಆದ್ರ ಇನ್ನೂ ಪರೀಕ್ಷಾದಾಗ ಐತಿ. ತಿದ್ದಿದ್ದು ಊರಬೇಕಂದ್ರ ಮೊದ್ಲ ಕಡಕ ಔಷಧ ಕೊಟ್ಟು ಮೂಳ್ಯಾಗಿನ ಹಳೇ ಕೋಶ ಖಾಲಿ ಮಾಡಬೇಕು. ಅದರಾಗ ಜೀವಕ್ಕ ಅಪಾಯ. ಗುಳಿಗಿ ನಿಮ್ಮನ್ನ ಚೊಲೋ ಇಟ್ಟಾವ, ಬಿಡಬ್ಯಾಡ್ರಿ."

ಹೊರಗೆ ಬಂದಾಗ ಆಕೆ ನಕ್ಕಳು. "ನಾ ಇರೂತನಕ ಬರೂದಿಲ್ಲ ಬಿಡು" ಎಂದಳು. ನನಗೆ ನಗು ಬರಲಿಲ್ಲ.

ಮುಂದಿನ ಸಲ ಆಕೆ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ಜೋರಾಪುರ ಪೇಟೆಗೆ ನಡೆದೆ. ಯಾರ ಮನೆ ಎಂದು ಕೇಳಲಿ? ಹೇಗೆ ಪರಿಚಯ ಎಂದರೆ ಏನು ಹೇಳಲಿ? ಎರಡು ಸುತ್ತು ಹಾಕಿದ ಮೇಲೆ ಬಳೆ ಅಂಗಡಿಯೊಂದರಲ್ಲಿ ಆಕೆ ಕಂಡಳು. ಪಕ್ಕದಲ್ಲಿ ಕೈ ಮುಂದೆ ಮಾಡಿ ನಿಂತಿದ್ದ ಹುಡುಗಿಗೆ ಆಕೆಯದೇ ಮೂಗು. ನನ್ನ ಕಾಲು ತಾನಾಗಿಯೇ ಆ ಕಡೆ ಹೋಯಿತು.

"ಯಾರಬೇ ಅಮ್ಮಾ, ನಿನ್ನ ನೋಡಾಕತ್ತಾರಲ್ಲ?"

ಆಕೆ ನನ್ನನ್ನು ನೇರ ನೋಡಿದಳು. "ಗೊತ್ತಿಲ್ಲವ್ವಾ. ಬಳಿ ತಗೊಳ್ಳಾಕ ಬಂದಿರಬೇಕು."

ನಾನು ಹೌದೆಂದು ತಲೆಯಾಡಿಸಿದೆ. ಒಂದು ಡಜನ್ ಹಸಿರು ಬಳೆ ಕೊಂಡೆ, ಗಂಡ ಸತ್ತ ಮೇಲೆ ಮೊದಲ ಸಲ. ಆಕೆಯ ಮೇಲೆ ಸಿಟ್ಟು ಬರಲಿಲ್ಲ. ತವರಿನವರ ಎದುರು ಆಕೆ ಸಿಕ್ಕಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೂ ಬಸ್ ಸ್ಟ್ಯಾಂಡಿನವರೆಗೆ ಕಣ್ಣು ಒರೆಸಿಕೊಳ್ಳುತ್ತಲೇ ಹೋದೆ.

ಮತ್ತೆರಡು ಸಲ ಬೆಂಚು ಖಾಲಿಯಿತ್ತು. ಕೊನೆಗೆ, ನನ್ನ ಜೊತೆ ಕೂರುತ್ತಿದ್ದಾಕೆ ಎಲ್ಲಿ ಎಂದು ನರ್ಸಮ್ಮನನ್ನು ಕೇಳಿದೆ.

"ಬ್ಯಾರೆ ಊರಿನ ಆಸ್ಪತ್ರೆಗೆ ಹೆಸರು ಬರಸ್ಕೊಂಡ್ ಹೋಗ್ಯಾರ. ಎಲ್ಲಿಗಂತ ಹೇಳಂಗಿಲ್ರಿ."

"ಬ್ಯಾಡ್ರಿ. ಆರಾಮ ಅದಾರಿಲ್ಲೋ, ಅಷ್ಟ ಹೇಳ್ರಿ."

ನರ್ಸಮ್ಮ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಆರಾಮ ಅದಾರ" ಎಂದಳು.

ನನ್ನ ಸರದಿ ಬಂದಿತ್ತು. ಎದ್ದು ಒಳಗೆ ಹೋದೆ.