ಬೀರಪ್ಪನ ಕಣ್ಣಿಗೆ ತಂದ ಬಂಗಾರ

ನಮ್ಮ ದೊಡ್ಡಪ್ಪ ಕುರಿ ಮೇಯಿಸುತ್ತ ಒಂದು ವರ್ಷ ಗದಗಿನ ಕಪ್ಪತಗುಡ್ಡದವರೆಗೂ ಹೋಗಿದ್ದ. ಅಲ್ಲಿಯ ಹಳ್ಳದಲ್ಲಿ ಅವನಿಗೆ ತೊಗರಿಕಾಳಿನಷ್ಟು ಬಂಗಾರ ಸಿಕ್ಕಿತು. ನಮ್ಮೂರು ಅನಗವಾಡಿಗೆ ಮರಳಿದವನೇ, ಮನೆದೇವರು ಬೀರಪ್ಪನ ಬೆಳ್ಳಿ ಮುಖಕ್ಕೆ ಅದರಲ್ಲಿ ಎರಡು ಕಣ್ಣು ಮಾಡಿಸುತ್ತೇನೆಂದು ಹರಕೆ ಹೊತ್ತುಬಿಟ್ಟ.

ಆಗ ನಾವಿನ್ನೂ ಮುಂಬೈ ರಾಜ್ಯದವರು. ನಾನು ಬೆಳಗಾವಿಯಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದೆ. ಮನೆಯವರ ಬಾಯಲ್ಲಿ ಅದು 'ಕಲ್ಲು ಓದೂದು'. ರಜೆಗೆ ಬಂದಿದ್ದ ನನ್ನನ್ನು ದೊಡ್ಡಪ್ಪ ಮುಧೋಳದ ಅಕ್ಕಸಾಲಿಗನ ಹತ್ತಿರ ಕರೆದುಕೊಂಡು ಹೋದ.

ಅಕ್ಕಸಾಲಿಗ ಕಾಳನ್ನು ಒರೆಗಲ್ಲಿಗೆ ತಿಕ್ಕಿದ. ಗೆರೆ ಅರಿಸಿನದಂತೆ ಮೂಡಿತು. "ಛಲೋ ಮಾಲ್ ಐತ್ರಿ" ಎಂದವನು ನಮ್ಮೆದುರೇ ಅದನ್ನು ಎರಡು ಹೋಳು ಮಾಡಿದ. ಒಳಗೆ ನೋಡಿದರೆ ಬಿಳಿಜೋಳದ ರೊಟ್ಟಿಯ ಬಣ್ಣ.

"ಬದಲ್ ಮಾಡಿದೇನು?" ಎಂದ ದೊಡ್ಡಪ್ಪ.

"ತೋಳಿನ್ಯಾಗ ಏನರ ಮುಚ್ಚಿಟ್ಟೇನೇನು, ನೋಡ್ರಿ" ಎಂದ ಅಕ್ಕಸಾಲಿಗ. ಅವನು ತೋಳಿಲ್ಲದ ಬನಿಯನ್ನಿನಲ್ಲಿ ಕೂತಿದ್ದ.

ಓದಿದ್ದನ್ನು ಖರ್ಚು ಮಾಡಲು ನನಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಗುಡ್ಡದ ಬಂಗಾರದಲ್ಲಿ ಹುಟ್ಟಿನಿಂದಲೇ ಬೆಳ್ಳಿ ಬೆರೆತಿರುತ್ತದೆ. ಮಣ್ಣಿನೊಳಗಿನ ನೀರು, ಅದರ ಉಪ್ಪು, ಹುಳಿ ಸಾವಿರಾರು ವರ್ಷ ಸೇರಿ ಹೊರಮೈಯ ಬೆಳ್ಳಿಯನ್ನಷ್ಟೇ ಕರಗಿಸಿ ಒಯ್ಯುತ್ತವೆ. ಅದಕ್ಕೇ ಸಿಪ್ಪೆ ಅಪ್ಪಟ, ತಿರುಳು ಬೆರಕೆ ಎಂದು ವಿವರಿಸಿದೆ.

"ಬೆಳ್ಳಿ ತಿಂದು ಬಂಗಾರ ಬಿಡ್ತೈತಿ? ಮಣ್ಣಿಗೆ ಬುದ್ಧಿ ಕಮ್ಮಿ ಐತಿ ಬಿಡಲೇ" ಎಂದ ದೊಡ್ಡಪ್ಪ.

ಅಕ್ಕಸಾಲಿಗ ಉಪಾಯ ಹೇಳಿದ: "ಹಳದಿ ಮಗ್ಗಲ ಹೊರಗ ಇಡ್ತೇನ್ರಿ. ಯಾರಿಗೂ ಕಾಣಂಗಿಲ್ಲ."

"ಬೀರಪ್ಪ ನೋಡೂದು ಒಳಗಿಂದನ ಅಲ್ಲೇನು?" ಎಂದ ದೊಡ್ಡಪ್ಪ.

ಎರಡೂ ಹೋಳನ್ನು ರುಮಾಲಿನ ಸೆರಗಿಗೆ ಕಟ್ಟಿಕೊಂಡು ಹೊರಟೆವು. ಬಸ್ಸಿನಲ್ಲಿ ದೊಡ್ಡಪ್ಪ ಕೇಳಿದ: "ಉಳಿದ ಬೆಳ್ಳೀನೂ ಮಣ್ಣು ತಿಂತೈತೇನು?"

"ತಿಂತೈತಿ. ಆದ್ರ ಸಾವಿರಾರು ವರ್ಷ ಬೇಕು."

"ಬೀರಪ್ಪಗೇನು ಅವಸರ?"

ಮನೆಗೆ ಬಂದವನೇ ಹಿತ್ತಲ ಬೇವಿನ ಬುಡದಲ್ಲಿ ಎರಡನ್ನೂ ಹೂತ. ನಾನು ಹುಳಿ ಎಂದದ್ದು ಅವನ ತಲೆಯಲ್ಲಿ ಕೂತಿತ್ತು. ದಿನಾ ಅಲ್ಲಿಗೆ ಒಂದು ತಂಬಿಗೆ ಹುಳಿ ಮಜ್ಜಿಗೆ ಸುರಿಯತೊಡಗಿದ. ಅವನ ಹೆಂಡತಿ, ನಮ್ಮ ದೊಡ್ಡವ್ವ, ದೇವರಿಗೂ ಮಜ್ಜಿಗೆಗೂ ಸೇರಿಸಿ ಬೈದಳು. ಬೇವಿನ ಮರ ಬಾಡತೊಡಗಿತು.

ಮುಂದಿನ ರಜೆಗೆ ಬಂದಾಗ ದೊಡ್ಡವ್ವನ ಮೂಗಿನಲ್ಲಿ ಹೊಸ ಮೂಗುತಿ, ಕಿವಿಯ ಮೇಲ್ತುದಿಯಲ್ಲೊಂದು ಬುಗುಡಿ ಹೊಳೆಯುತ್ತಿದ್ದವು.

"ಯಾವಾಗ ಮಾಡಿಸಿದ್ರಿ?" ಎಂದೆ.

"ತವರಿನ್ಯಾವು" ಎಂದು ದೊಡ್ಡವ್ವ ರೊಟ್ಟಿ ತಟ್ಟುತ್ತ ಮುಖ ತಿರುಗಿಸಿದಳು.

ಹಿತ್ತಲಲ್ಲಿ ದೊಡ್ಡಪ್ಪ ಮಜ್ಜಿಗೆ ಸುರಿಯುತ್ತಿದ್ದ.