ಬ್ರೆಡ್ ವ್ಯಾನಿನ ಬಾಗಿಲು

ಅವನ ಅಜ್ಜ ಕುದುರೆಗಾಡಿಯಲ್ಲಿ ಊರಿಗೆ ಹಾಲು ಹೊತ್ತವನು. ಸೇತುವೆ ಕುಸಿದ ದಿನ ಕುದುರೆಯ ಕೊರಳು ತಬ್ಬಿ ಹೊಳೆ ದಾಟಿದ ಗಟ್ಟಿಗ. ಅಪ್ಪ ಮೂವತ್ತೊಂದು ವರ್ಷ ಲಾರಿ ಓಡಿಸಿ, ಒಂದು ಕೋಳಿಯ ಪುಕ್ಕಕ್ಕೂ ಗಾಲಿ ತಾಗಿಸದವನು. ಆ ಲಾರಿಯವನ ಮಗನೇ ನಮ್ಮ ಬ್ರೆಡ್ ವ್ಯಾನಿನವನು. ಎಲ್ಲರ ಬಾಯಲ್ಲೂ ಅವನು ಮೊಣಕೈ.

ಹಾಗೆ ಕರೆಯಲು ಕಾರಣವುಂಟು. ಬೆಳಿಗ್ಗೆ ಏಳರೊಳಗೆ ಇಪ್ಪತ್ತಾರು ಅಂಗಡಿಗೆ ಬ್ರೆಡ್ ಮುಟ್ಟಬೇಕು. ವ್ಯಾನು ನಿಂತ ಕೂಡಲೇ ಎರಡು ಕೈಗೂ ಟ್ರೇ ತೆಗೆದುಕೊಂಡು, ಮೊಣಕೈಯಿಂದ ಬಾಗಿಲು ದೂಡಿ ಇಳಿಯುವುದು ಬ್ರೆಡ್ ವ್ಯಾನಿನವರ ರೂಢಿ. ಇವನು ಅದರಲ್ಲಿ ಎತ್ತಿದ ಕೈ.

ಆ ದಿನ ಹತ್ತನೆಯ ಅಂಗಡಿಯ ಮುಂದೆ ಬಾಗಿಲು ತೆರೆದದ್ದೇ ತಡ, ಧಡ್ ಎಂದಿತು. ಬೀಗ ರಿಪೇರಿಯ ಮುದುಕ ಸೈಕಲ್ ಸಮೇತ ನೆಲಕ್ಕುರುಳಿದ. ತಲೆ ರಸ್ತೆಗೆ ಬಡಿದ ಸದ್ದು ಕೇಳಿಸಿತು. ಡಬ್ಬಿಯ ಕೀಲಿಕೈಗಳೆಲ್ಲ ಚೆಲ್ಲಾಪಿಲ್ಲಿ.

“ಅಯ್ಯೋ, ಪೆಟ್ಟಾಯ್ತಾ ಯಜಮಾನ್ರೇ?”

“ಪೆಟ್ಟು ಬಿಡು, ಕೀ ಆರಿಸ್ಕೊಡು. ಒಂದು ಕಮ್ಮಿ ಆದ್ರೂ ನಿನ್ ಮನೆ ಬೀಗಾನೇ ಕೀಳ್ತೀನಿ,” ಎಂದು ಮುದುಕ ನಕ್ಕ.

“ಆಸ್ಪತ್ರೆಗೆ ಹೋಗೋಣ ಬನ್ನಿ.”

“ನಂಗೇನೂ ಆಗಿಲ್ಲ ಕಣಪ್ಪ. ಹೋಗು, ಬ್ರೆಡ್ ಒಣಗುತ್ತೆ.”

ಹೋಗು ಎಂದದ್ದಕ್ಕೆ ಹೋದ. ತನ್ನ ಹೆಸರು ಹೇಳಲಿಲ್ಲ, ಅವನ ವಿಳಾಸ ಕೇಳಲಿಲ್ಲ.

ಒಂಬತ್ತಕ್ಕೆ ಬೇಕರಿಗೆ ಮರಳಿದಾಗ ಒಲೆಯವನು ಸುದ್ದಿ ಹೇಳಿದ: ಬೀಗದ ಮುದುಕ ಪೇಟೆಯ ತಿರುವಿನಲ್ಲಿ ವಾಂತಿ ಮಾಡಿಕೊಂಡು ಬಿದ್ದನಂತೆ, ಹಸಿವಿಗೆ ತಲೆ ಸುತ್ತಿರಬೇಕೆಂದು ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದ್ದಾರಂತೆ, ಮಾತಿಲ್ಲವಂತೆ.

ಮೊಣಕೈ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕುಳಿತ. ಲೈಸೆನ್ಸಿಗಾಗಿ ಬಾಯಿಪಾಠ ಮಾಡಿದ್ದೆಲ್ಲ ಈಗ ಕಿವಿಯಲ್ಲಿ ಗುಂಯ್‌ಗುಟ್ಟಿತು: ಗಾಡಿ ನಿಲ್ಲಿಸು, ಗಾಯಗೊಂಡವನನ್ನು ವೈದ್ಯರಿಗೆ ಮುಟ್ಟಿಸು, ಹೆಸರು ನಂಬರು ಕೊಡು, ಠಾಣೆಗೆ ತಿಳಿಸು. ಅವನು ಮಾಡಿದ್ದು ಮೊದಲನೆಯದೊಂದೇ. ಬಿದ್ದವನು ‘ಹೋಗು’ ಎಂದರೆ ಹೋಗಬಹುದೆಂದು ಯಾವ ಕಾನೂನಿನಲ್ಲೂ ಇರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದ. ಗಂಟೆ ಬಡಿದುಕೊಂಡೇ ಇತ್ತು, ಎತ್ತುವವರಿಲ್ಲ.

ಬೇಕರಿ ಅವನ ಅಕ್ಕನ ಗಂಡನದು. ಭಾವ ಎಲ್ಲ ಕೇಳಿಸಿಕೊಂಡು ಬಾಗಿಲು ಮುಂದಕ್ಕೆ ಹಾಕಿದ.

“ನೋಡಿದೋರು ಯಾರಾದ್ರೂ ಇದ್ರಾ?”

“ಇಲ್ಲ. ಅಂಗಡಿಯೋನು ಒಳಗಿದ್ದ.”

“ಮತ್ಯಾಕೋ ದೆವ್ವ ಕಂಡೋನ ಹಾಗೆ ಆಡ್ತೀಯ? ಬಾಯಿಗೆ ಬೀಗ ಹಾಕು. ವ್ಯಾನಿನ ಬಾಗಿಲ ಗೀರನ್ನ ಪೇಂಟರ್ ಮಧ್ಯಾಹ್ನದೊಳಗೆ ಅಳಿಸ್ತಾನೆ. ಹೆಚ್ಚುಕಮ್ಮಿ ಆದ್ರೆ ನಮ್ಮ ವಕೀಲರಿದಾರೆ, ಮುದುಕನೇ ಬಂದು ಗುದ್ದಿದ ಅಂತಾರೆ.”

“ಅವ್ರು ಸತ್ತೋದ್ರೆ, ಭಾವ?”

“ಲೈಸೆನ್ಸ್ ಹೋದ್ರೆ ನೀನೇನು ತಿಂತೀಯ? ಜೈಲಿಗೆ ಹಾಕಿದ್ರೆ ನಿನ್ನ ಅಕ್ಕಂಗೆ ನಾನೇನು ಹೇಳ್ಲಿ?”

ಮೊಣಕೈ ಎದ್ದ. ಗೋಡೆ ಹಿಡಿದು ಬಾಗಿಲ ಕಡೆ ನಡೆದ. ಭಾವ ತಡೆಯಲೆಂದೋ ಆಸರೆಗೆಂದೋ ಅವನ ರಟ್ಟೆಗೆ ಕೈ ಹಾಕಿದ.

“ಬೇಡ ಭಾವ. ಪೇಂಟರೂ ಬೇಡ, ವಕೀಲರೂ ಬೇಡ. ಅವ್ರ ತಲೆ ನೆಲಕ್ಕೆ ಬಡಿದಿದ್ದು ಡಾಕ್ಟರಿಗೆ ಗೊತ್ತಿಲ್ಲ. ಗೊತ್ತಿರೋನು ನಾನೊಬ್ನೇ. ಮೊದ್ಲು ಅಲ್ಲಿ ಹೇಳ್ತೀನಿ, ಆಮೇಲೆ ಠಾಣೆಗೆ ಹೋಗ್ತೀನಿ. ಹೆದರಿಕೆ ಆಗ್ತಿದೆ, ಇಲ್ಲ ಅನ್ನಲ್ಲ. ನನ್ನ ಕೈ ಬಿಡಿ. ನೀವು ಹಿಡ್ಕೊಂಡಿದ್ರೆ ನಾನು ಕೂತ್ಬಿಡ್ತೀನಿ.”